ಕಿಣ್ವದ ಕೈಯಾಳು

೧೮೮೧ರಲ್ಲಿ ಲಂಡನ್ನಿನ ವೈದ್ಯರಾದ ವಾರೆನ್ ಟೇ ಅವರು ಒಂದು ಹಸುಳೆಯ ಕಣ್ಣುಗಳನ್ನು ಪರೀಕ್ಷಿಸುತ್ತಿದ್ದಾಗ ಅಕ್ಷಿಪಟದ ನಟ್ಟನಡುವೆ ಕೆಂಪಾದ ಚುಕ್ಕೆಯೊಂದನ್ನು ಕಂಡರು. ಚುಕ್ಕೆಯ ಸುತ್ತಲೂ ಬಿಳುಪು ಹಬ್ಬಿತ್ತು. ಮಗುವಿಗೆ ಕತ್ತು ನಿಲ್ಲುತ್ತಿರಲಿಲ್ಲ, ಕೈಕಾಲುಗಳಲ್ಲಿ ಬಲವಿರಲಿಲ್ಲ. ಆರು ವರ್ಷಗಳ ತರುವಾಯ, ೧೮೮೭ರಲ್ಲಿ, ನ್ಯೂಯಾರ್ಕಿನ ನರರೋಗತಜ್ಞ ಬರ್ನಾರ್ಡ್ ಸ್ಯಾಕ್ಸ್ ಅವರು ಇಂಥದೇ ಇನ್ನೊಂದು ಮಗುವಿನ ಮಿದುಳನ್ನು ಪರೀಕ್ಷಿಸಿ, ಅದರ ನರಕೋಶಗಳು ವಿಕಾರಗೊಂಡಿದ್ದುದನ್ನು ವರ್ಣಿಸಿದರು. ಇಬ್ಬರ ಹೆಸರೂ ಸೇರಿ ಆ ಕಾಯಿಲೆಗೆ ಟೇ-ಸ್ಯಾಕ್ಸ್ ರೋಗವೆಂಬ ಹೆಸರು ನಿಂತಿತು.

ಈ ರೋಗವುಳ್ಳ ಮಗು ಹುಟ್ಟಿದಾಗ ಎಲ್ಲ ಮಕ್ಕಳಂತೆಯೇ ಇರುವುದು. ಮೂರರಿಂದ ಆರು ತಿಂಗಳು ಕಳೆಯುವಷ್ಟರಲ್ಲಿ ಸಣ್ಣ ಸದ್ದಿಗೂ ಬೆಚ್ಚಿಬೀಳತೊಡಗುವುದು. ಮಗುಚಿಕೊಳ್ಳುವುದನ್ನೋ ಕುಳಿತುಕೊಳ್ಳುವುದನ್ನೋ ಕಲಿತಿದ್ದರೆ ಕಲಿತದ್ದನ್ನು ಕಳೆದುಕೊಳ್ಳುವುದು. ಬರಬರುತ್ತ ದೃಷ್ಟಿ ಕುಂದುವುದು, ಸೆಳವು ಕಾಣಿಸಿಕೊಳ್ಳುವುದು. ನಾಲ್ಕೈದು ವರ್ಷಗಳೊಳಗೆ ಮಗು ತೀರಿಕೊಳ್ಳುವುದೇ ಸಾಮಾನ್ಯ.

ಕೆಂಪು ಚುಕ್ಕೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಚುಕ್ಕೆ. ಆದರೆ ಚುಕ್ಕೆಯಿರುವೆಡೆಯಲ್ಲಿ ದೋಷವಿಲ್ಲ, ದೋಷವಿರುವುದು ಅದರ ಸುತ್ತಣ ಬಿಳುಪಿನಲ್ಲಿ. ಅಕ್ಷಿಪಟದ ನರಕೋಶಗಳು ಆರೋಗ್ಯವಾಗಿದ್ದಾಗ ಪಾರದರ್ಶಕವಾಗಿರುತ್ತವೆ. ಬೆಳಕು ಅವುಗಳ ಮೂಲಕ ಹಾದು, ಹಿಂದಿರುವ ರಕ್ತನಾಳಗಳ ಕೆಂಪನ್ನು ತೋರಿಸುತ್ತದೆ. ರೋಗದಲ್ಲಿ ಈ ಕೋಶಗಳೊಳಗೆ ಕೊಬ್ಬಿನಂಥ ವಸ್ತುವೊಂದು ತುಂಬಿಕೊಂಡು ಅವು ಉಬ್ಬುತ್ತವೆ, ಬೆಳಕನ್ನು ಚೆದರಿಸುತ್ತವೆ, ಬೆಳ್ಳಗೆ ಕಾಣುತ್ತವೆ. ದೃಷ್ಟಿ ಅತ್ಯಂತ ಚುರುಕಾಗಿರುವ ನಡುಗುಳಿಯಲ್ಲಿ ಮಾತ್ರ ಈ ಬಗೆಯ ನರಕೋಶಗಳು ಇಲ್ಲ. ಆದುದರಿಂದ ಅಲ್ಲಿ ಹಿಂದಿನ ಸಹಜವಾದ ಕೆಂಪು ಹಾಗೆಯೇ ಉಳಿದು, ಬಿಳುಪಿನ ನಡುವೆ ಎದ್ದು ಕಾಣುತ್ತದೆ. ತಿಳಿಹಾಲಿನ ಲೋಟದ ಹಿಂದೆ ಇಟ್ಟ ದೀಪ ಏಕೆ ಮಬ್ಬಾಗುವುದೆಂದು ಬಲ್ಲ ವಿದ್ಯಾರ್ಥಿಗೆ ಇದು ಹೊಸ ಪಾಠವೇನಲ್ಲ.

ಆ ಕೊಬ್ಬಿನಂಥ ವಸ್ತು ಯಾವುದು? ಅದು ಕರಗಿಹೋಗದೆ ಏಕೆ ಉಳಿಯಿತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದವರು ಕೊನೆಗೆ ಒಂದು ವಿಚಿತ್ರ ಸಂದರ್ಭವನ್ನು ಎದುರಿಸಿದರು. ರೋಗ ಕಣ್ಣೆದುರಿಗೇ ಇದೆ. ಆದರೆ ಪರೀಕ್ಷೆಯಲ್ಲಿ ಕಿಣ್ವ ಸರಿಯಾಗಿದೆಯೆಂದು ಬರುತ್ತದೆ! ಈ ಲೇಖನವು ಆ ಸಂದರ್ಭವನ್ನು ಕುರಿತದ್ದು, ಮತ್ತು ಅದರಿಂದ ಬೆಳಕಿಗೆ ಬಂದ ಒಂದು ಸಣ್ಣ ಪ್ರೋಟೀನನ್ನು ಕುರಿತದ್ದು.

ಕಸ ತೆಗೆಯುವ ಕೋಣೆ

ನಮ್ಮ ದೇಹದ ಜೀವಕೋಶಗಳು ತಮ್ಮ ಮೈಯ ವಸ್ತುಗಳನ್ನು ನಿತ್ಯವೂ ಕೆಡವಿ ಮತ್ತೆ ಕಟ್ಟುತ್ತಿರುತ್ತವೆ. ಕೆಡವುವ ಕೆಲಸ ಕೋಶದೊಳಗಿನ ಸಣ್ಣ ಚೀಲಗಳಲ್ಲಿ ನಡೆಯುವುದು. ೧೯೫೫ರಲ್ಲಿ ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ದ ಡ್ಯೂವ್ ಮತ್ತು ಅವರ ಸಂಗಡಿಗರು ಈ ಚೀಲಗಳನ್ನು ಗುರುತಿಸಿ ಲೈಸೊಸೋಮ್ ಎಂದು ಹೆಸರಿಟ್ಟರು. ದ ಡ್ಯೂವ್ ಅವರಿಗೆ ೧೯೭೪ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಲೈಸೊಸೋಮಿನ ಒಳಗೆ ಹುಳಿಯಾದ ದ್ರವ, ಅದರಲ್ಲಿ ಹತ್ತಾರು ಬಗೆಯ ಕಿಣ್ವಗಳು. ಒಂದೊಂದು ಕಿಣ್ವಕ್ಕೂ ಒಂದೊಂದು ಬಂಧವನ್ನು ಕತ್ತರಿಸುವ ಕೆಲಸ. ಸಾಲಾಗಿ ನಿಂತ ಕೆಲಸಗಾರರಲ್ಲಿ ನಡುವಿನ ಒಬ್ಬನು ಕೈಕಟ್ಟಿ ಕುಳಿತರೆ ಅವನ ಮುಂದೆ ಸರಕು ರಾಶಿ ಬೀಳುವಂತೆ, ಒಂದು ಕಿಣ್ವ ತಪ್ಪಿದರೆ ಅದು ಕತ್ತರಿಸಬೇಕಾಗಿದ್ದ ವಸ್ತು ಲೈಸೊಸೋಮಿನಲ್ಲಿ ಶೇಖರವಾಗುತ್ತ ಹೋಗುವುದು.

ಟೇ-ಸ್ಯಾಕ್ಸ್ ರೋಗದಲ್ಲಿ ರಾಶಿ ಬೀಳುವ ವಸ್ತು ಗ್ಯಾಂಗ್ಲಿಯೊಸೈಡ್ ಎಂಬ ಗುಂಪಿಗೆ ಸೇರಿದುದು. ಆ ಹೆಸರನ್ನು ಕೊಟ್ಟವರು ಜರ್ಮನಿಯ ಅರ್ನ್‌ಸ್ಟ್ ಕ್ಲೆಂಕ್. ಸ್ವೀಡನ್ನಿನ ಲಾರ್ಸ್ ಸ್ವೆನ್ನರ್‌ಹೋಮ್ ಅವರು ೧೯೬೨ರಲ್ಲಿ ಈ ಗುಂಪಿನೊಳಗೆ ರೋಗಕ್ಕೆ ಸಂಬಂಧಪಟ್ಟ ವಸ್ತು ಯಾವುದೆಂದು ಗೊತ್ತುಪಡಿಸಿದರು. ಅದಕ್ಕೆ ಜಿಎಂ-೨ ಎಂದು ಹೆಸರು. ಜಿ ಎಂದರೆ ಗ್ಯಾಂಗ್ಲಿಯೊಸೈಡ್. ಎಂ ಎಂದರೆ ಒಂದೇ ಸಯಾಲಿಕ್ ಆಮ್ಲವುಳ್ಳದ್ದು. ೨ ಎಂಬುದು ಬಂದ ಬಗೆ ತುಸು ವಕ್ರವಾದುದು: ಐದರಿಂದ ಸರಪಣಿಯಲ್ಲಿರುವ ಸಕ್ಕರೆಗಳ ಸಂಖ್ಯೆಯನ್ನು ಕಳೆಯಬೇಕು. ಜಿಎಂ-೨ರಲ್ಲಿ ಮೂರು ಸಕ್ಕರೆಗಳು, ಐದರಲ್ಲಿ ಮೂರು ಹೋದರೆ ಎರಡು. ಹೆಸರಿಡುವಾಗ ರಸಾಯನಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಕರುಣೆ ತೋರುವುದು ಅಪರೂಪವೇ ಸರಿ.

ಈ ಅಣುವಿನ ರೂಪವನ್ನು ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲಿಸಿಕೊಳ್ಳಬೇಕು. ಮುಂದಿನದೆಲ್ಲ ಅದನ್ನೇ ಅವಲಂಬಿಸಿದೆ. ಒಂದು ಕಡೆ ಸೆರಮೈಡ್ ಎಂಬ ಭಾಗ. ಅದು ಇಂಗಾಲದ ಎರಡು ಉದ್ದನೆಯ ಬಾಲಗಳುಳ್ಳದ್ದು, ಎಣ್ಣೆಯ ಗುಣವುಳ್ಳದ್ದು. ಇನ್ನೊಂದು ಕಡೆ ಸಕ್ಕರೆಗಳ ಚಿಕ್ಕ ಸರಪಣಿ: ಮೊದಲು ಗ್ಲೂಕೋಸ್, ಆಮೇಲೆ ಗ್ಯಾಲಕ್ಟೋಸ್, ತುದಿಯಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೊಸಮೀನ್. ಗ್ಯಾಲಕ್ಟೋಸಿನ ಪಕ್ಕಕ್ಕೆ ಸಯಾಲಿಕ್ ಆಮ್ಲ ಅಂಟಿಕೊಂಡಿರುವುದು. ಬಾಲಗಳು ನೀರನ್ನು ದೂರ ಮಾಡುವುವು, ಸಕ್ಕರೆ ನೀರನ್ನು ಬಯಸುವುದು. ಆದುದರಿಂದ ಈ ಅಣು ಜೀವಕೋಶದ ಪೊರೆಯಲ್ಲಿ ಬಾಲವನ್ನು ಹೂತು, ಸಕ್ಕರೆಯನ್ನು ಹೊರಗೆ ಚಾಚಿ ನೆಲೆಸಿರುತ್ತದೆ. ನರಕೋಶಗಳ ಪೊರೆಗಳಲ್ಲಿ ಗ್ಯಾಂಗ್ಲಿಯೊಸೈಡುಗಳು ವಿಶೇಷವಾಗಿ ಹೆಚ್ಚು. ರೋಗದ ಪೆಟ್ಟು ಮಿದುಳಿನ ಮೇಲೆ ಬೀಳಲು ಇದೇ ಕಾರಣ.

ಜಿಎಂ-೨ನ್ನು ಕೆಡವಲು ಮೊದಲು ತುದಿಯ ಸಕ್ಕರೆಯನ್ನು ಕತ್ತರಿಸಬೇಕು. ಕತ್ತರಿಸುವ ಕಿಣ್ವಕ್ಕೆ ಹೆಕ್ಸೊಸಮಿನಿಡೇಸ್ ಎಂದು ಹೆಸರು. ಇದರಲ್ಲಿ ಮುಖ್ಯವಾದ ಎರಡು ರೂಪಗಳಿರುವುದನ್ನು ೧೯೬೮ರಲ್ಲಿ ರಾಬಿನ್ಸನ್ ಮತ್ತು ಸ್ಟರ್ಲಿಂಗ್ ಎಂಬ ವಿಜ್ಞಾನಿಗಳು ತೋರಿಸಿದರು. ಅವುಗಳನ್ನು ಎ-ಕಿಣ್ವ, ಬಿ-ಕಿಣ್ವ ಎಂದು ಕರೆಯೋಣ. ಎ-ಕಿಣ್ವದಲ್ಲಿ ಒಂದು ಆಲ್ಫಾ ಸರಪಣಿ, ಒಂದು ಬೀಟಾ ಸರಪಣಿ. ಬಿ-ಕಿಣ್ವದಲ್ಲಿ ಎರಡೂ ಬೀಟಾ. ಮನುಷ್ಯನಲ್ಲಿ ಜಿಎಂ-೨ನ್ನು ಕತ್ತರಿಸಬಲ್ಲದ್ದು ಎ-ಕಿಣ್ವ ಮಾತ್ರ. ೧೯೬೯ರಲ್ಲಿ ಒಕಾಡ ಮತ್ತು ಓಬ್ರಿಯನ್ ಅವರು ಟೇ-ಸ್ಯಾಕ್ಸ್ ರೋಗಿಗಳಲ್ಲಿ ಎ-ಕಿಣ್ವ ಇಲ್ಲವೆಂದು ಕಂಡುಕೊಂಡರು. ಅದರ ಹಿಂದಿನ ವರ್ಷ ಜರ್ಮನಿಯ ಕೊನ್ರಾಡ್ ಸ್ಯಾಂಡ್‌ಹೋಫ್ ಮತ್ತು ಸಂಗಡಿಗರು ಎ ಮತ್ತು ಬಿ ಎರಡೂ ಇಲ್ಲದ ಒಂದು ಮಗುವನ್ನು ವರದಿ ಮಾಡಿದ್ದರು. ಆಲ್ಫಾ ಕೆಟ್ಟರೆ ಎ ಒಂದೇ ಹೋಗುವುದು. ಬೀಟಾ ಕೆಟ್ಟರೆ ಎರಡೂ ಹೋಗುವುವು. ಲೆಕ್ಕ ಸರಿಹೋಯಿತು.

ಲೆಕ್ಕಕ್ಕೆ ಸಿಕ್ಕದ ಮಗು

೧೯೭೧ರಲ್ಲಿ ಸ್ಯಾಂಡ್‌ಹೋಫ್ ಮತ್ತು ಸಂಗಡಿಗರು ರೋಗದ ಮೂರು ಪ್ರಭೇದಗಳನ್ನು ವಿಂಗಡಿಸಿ ಪ್ರಕಟಿಸಿದರು. ಪ್ರಭೇದಗಳಿಗೆ ಅವರಿಟ್ಟ ಹೆಸರು ರೋಗಿಯಲ್ಲಿ ಉಳಿದಿರುವ ಕಿಣ್ವವನ್ನು ಸೂಚಿಸುವಂಥದು. ಬಿ ಮಾತ್ರ ಉಳಿದಿದ್ದರೆ ಬಿ-ಪ್ರಭೇದ. ಇದೇ ಹಳೆಯ ಟೇ-ಸ್ಯಾಕ್ಸ್ ರೋಗ. ಏನೂ ಉಳಿಯದಿದ್ದರೆ ಸೊನ್ನೆ-ಪ್ರಭೇದ. ಇದನ್ನು ಈಗ ಸ್ಯಾಂಡ್‌ಹೋಫ್ ರೋಗವೆನ್ನುವರು. ಮೂರನೆಯದು ಎಬಿ-ಪ್ರಭೇದ. ಹೆಸರೇ ಹೇಳುವಂತೆ ಎ-ಕಿಣ್ವವೂ ಇದೆ, ಬಿ-ಕಿಣ್ವವೂ ಇದೆ. ಆದರೂ ಮಿದುಳಿನಲ್ಲಿ ಜಿಎಂ-೨ ರಾಶಿ ಬಿದ್ದಿದೆ. ಅದೇ ಬೆಚ್ಚುವಿಕೆ, ಅದೇ ಕೆಂಪು ಚುಕ್ಕೆ, ಅದೇ ಸಾವು.

ಕಿಣ್ವವಿದೆಯೆಂದು ಹೇಳುವ ಪರೀಕ್ಷೆ ಯಾವುದು? ನಾನು ಭೌತಶಾಸ್ತ್ರವನ್ನು ಕಲಿಸುವವನಾದುದರಿಂದ ನನಗೆ ಹೆಚ್ಚು ಆಸಕ್ತಿ ಹುಟ್ಟಿದುದು ಇಲ್ಲಿಯೇ. ಪ್ರಯೋಗಾಲಯದಲ್ಲಿ ನಿಜವಾದ ಜಿಎಂ-೨ನ್ನು ಬಳಸುವುದು ಶ್ರಮದ ಕೆಲಸ. ಅದಕ್ಕೆ ಬದಲಾಗಿ ಒಂದು ಕೃತಕ ವಸ್ತುವನ್ನು ತೆಗೆದುಕೊಳ್ಳುತ್ತಾರೆ. ಕಿಣ್ವವು ಕತ್ತರಿಸುವಂಥ ಸಕ್ಕರೆಗೆ ಮೀಥೈಲ್ ಅಂಬೆಲಿಫೆರೋನ್ ಎಂಬ ಪದಾರ್ಥವನ್ನು ಜೋಡಿಸಿರುತ್ತಾರೆ. ಸಕ್ಕರೆಗೆ ಅಂಟಿಕೊಂಡಿರುವತನಕ ಆ ಪದಾರ್ಥ ಹೊಳೆಯದು. ಕಿಣ್ವವು ಬಂಧವನ್ನು ಕತ್ತರಿಸಿದೊಡನೆ ಅದು ಬಿಡುಗಡೆ ಹೊಂದಿ, ದ್ರಾವಣವನ್ನು ಕ್ಷಾರೀಯಗೊಳಿಸಿ ಅತಿನೇರಿಳೆ ಬೆಳಕನ್ನು ಹಾಯಿಸಿದಾಗ ನೀಲಿಯಾಗಿ ಹೊಳೆಯುವುದು. ಸುಮಾರು ೩೬೫ ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹೀರಿ ಸುಮಾರು ೪೫೦ ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹೊರಸೂಸುವ ಈ ಪ್ರತಿದೀಪ್ತಿಯನ್ನು ಉಪಕರಣ ಅಳೆಯುತ್ತದೆ. ಹೊಳಪು ಹೆಚ್ಚಿದಷ್ಟೂ ಕಿಣ್ವ ಹೆಚ್ಚು. ಅಗ್ಗವಾದ, ಚುರುಕಾದ, ಬಹಳ ಉಪಕಾರಿಯಾದ ಪರೀಕ್ಷೆ. ಬಿ-ಪ್ರಭೇದದ ಮಗುವಿನಲ್ಲಿಯೂ ಸೊನ್ನೆ-ಪ್ರಭೇದದ ಮಗುವಿನಲ್ಲಿಯೂ ಇದು ದೋಷವನ್ನು ಬಯಲಿಗೆಳೆಯುವುದು.

ಎಬಿ-ಪ್ರಭೇದದ ಮಗುವಿನ ರಕ್ತವನ್ನು ಇಟ್ಟರೆ ಮಾತ್ರ ದ್ರಾವಣ ಚೆನ್ನಾಗಿ ಹೊಳೆಯುತ್ತದೆ. ಉಪಕರಣ ತೋರಿಸುವ ಸಂಖ್ಯೆ ಆರೋಗ್ಯವಂತ ಮಗುವಿನದರಂತೆಯೇ ಇರುತ್ತದೆ. ಸಂಖ್ಯೆಯಲ್ಲಿ ತಪ್ಪಿಲ್ಲ. ಆದರೆ ಆ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ? ‘ನೀರಿನಲ್ಲಿ ಕರಗುವ ಕೃತಕ ವಸ್ತುವನ್ನು ಈ ಕಿಣ್ವ ಕತ್ತರಿಸಬಲ್ಲುದೆ?’ ಎಂಬ ಪ್ರಶ್ನೆಗೆ ಅದು ಉತ್ತರ. ‘ಪೊರೆಯಲ್ಲಿ ಬಾಲ ಹೂತು ಕುಳಿತ ಜಿಎಂ-೨ನ್ನು ಲೈಸೊಸೋಮಿನೊಳಗೆ ಕತ್ತರಿಸುತ್ತಿದೆಯೆ?’ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಯಾರೂ ಕೇಳಿರಲಿಲ್ಲ.

ಹಾಗಾದರೆ ನಿಜವಾದ ಜಿಎಂ-೨ನ್ನೇ ಇಟ್ಟು ನೋಡಬಹುದಷ್ಟೆ? ನೋಡಿದರು. ಅಲ್ಲಿಯೂ ಒಂದು ಮೋಸ ಅಡಗಿತ್ತು. ಎಣ್ಣೆಯ ಬಾಲವುಳ್ಳ ಈ ವಸ್ತು ನೀರಿನಲ್ಲಿ ಗುಂಪುಗಟ್ಟಿ ಕುಳಿತುಬಿಡುತ್ತದೆ, ಕಿಣ್ವದ ಕೈಗೆ ಸಿಗುವುದಿಲ್ಲ. ಅದನ್ನು ಬಿಡಿಸಲು ಪಿತ್ತಲವಣದಂಥ ಸಾಬೂನಿನ ಗುಣವುಳ್ಳ ವಸ್ತುವನ್ನು ಸೇರಿಸುವುದು ಪ್ರಯೋಗಾಲಯಗಳ ರೂಢಿ. ಸೇರಿಸಿದಾಗ ಎಬಿ-ಪ್ರಭೇದದ ರೋಗಿಯ ಕಿಣ್ವ ಜಿಎಂ-೨ನ್ನೂ ಸಲೀಸಾಗಿ ಕತ್ತರಿಸಿತು! ಎರಡನೆಯ ಸಲವೂ ಕಿಣ್ವ ನಿರ್ದೋಷಿಯೆಂದೇ ತೀರ್ಪು ಬಂದಂತಾಯಿತು. ಅದು ನಿಜವೂ ಆಗಿತ್ತು. ದೋಷವಿದ್ದುದು ಸಾಬೂನು ಮಾಡಿಕೊಟ್ಟ ಕೆಲಸದಲ್ಲಿ. ಜೀವಕೋಶದಲ್ಲಿ ಆ ಕೆಲಸವನ್ನು ಮಾಡುವವರು ಯಾರು?

ಹಾಗೆ ಮಾಡುವ ಒಂದು ವಸ್ತುವಿರಬಹುದೆಂಬ ಊಹೆಗೆ ಆಧಾರ ಮೊದಲೇ ಇತ್ತು. ೧೯೬೪ರಲ್ಲಿ ಮ್ಯೂನಿಕ್ ನಗರದ ಮೇಲ್ ಮತ್ತು ಯಾಟ್ಸ್‌ಕೆವಿಟ್ಸ್ ಎಂಬುವರು ಸಲ್ಫಟೈಡ್ ಎಂಬ ಇನ್ನೊಂದು ಕೊಬ್ಬನ್ನು ಕೆಡವುವಾಗ ಕಿಣ್ವದ ಜೊತೆಗೆ ಒಂದು ಸಹಾಯಕ ಪ್ರೋಟೀನು ಬೇಕೆಂದು ತೋರಿಸಿದ್ದರು. ಸ್ಯಾಂಡ್‌ಹೋಫ್ ಅವರು ಯಾಟ್ಸ್‌ಕೆವಿಟ್ಸ್ ಅವರ ಪ್ರಯೋಗಾಲಯದಲ್ಲಿಯೇ ಪಳಗಿದವರು. ೧೯೭೩ರಲ್ಲಿ ಅಮೆರಿಕದ ಯು-ಟೆ ಲಿ, ಸು-ಚೆನ್ ಲಿ ಮತ್ತು ಸಂಗಡಿಗರು ಮನುಷ್ಯನ ಯಕೃತ್ತಿನ ಎ-ಕಿಣ್ವವು ಜಿಎಂ-೨ನ್ನು ಕತ್ತರಿಸುವ ಬಗೆಯನ್ನು ಪರಿಶೀಲಿಸಿದ್ದರು. ೧೯೭೮ರಲ್ಲಿ ಎರ್ನ್‌ಸ್ಟ್ ಕೊನ್‌ಟ್ಸೆಲ್‌ಮನ್ ಮತ್ತು ಸ್ಯಾಂಡ್‌ಹೋಫ್ ಅವರು ಸಾಬೂನನ್ನು ಸೇರಿಸದೆ ಪರೀಕ್ಷೆ ನಡೆಸಿ ಗಂಟನ್ನು ಬಿಡಿಸಿದರು. ಎಬಿ-ಪ್ರಭೇದದ ರೋಗಿಯ ಎ-ಕಿಣ್ವಕ್ಕೆ ಆರೋಗ್ಯವಂತರ ಅಂಗಾಂಶದಿಂದ ತೆಗೆದ ಸಹಾಯಕ ಅಂಶವನ್ನು ಕೊಟ್ಟರೆ ಅದು ಜಿಎಂ-೨ನ್ನು ಕತ್ತರಿಸುತ್ತದೆ. ರೋಗಿಯ ಅಂಗಾಂಶದಲ್ಲಿ ಆ ಅಂಶವೇ ಇಲ್ಲ. ಮರುವರ್ಷ ಅದನ್ನು ಶುದ್ಧಗೊಳಿಸಿದರು. ಅದೇ ಜಿಎಂ-೨ ಉತ್ತೇಜಕ ಪ್ರೋಟೀನು.

ಎಣ್ಣೆಯನ್ನು ನೀರಿಗೆ ತರುವ ಬಗೆ

ಉತ್ತೇಜಕವೆಂಬ ಹೆಸರು ವಿದ್ಯಾರ್ಥಿಗಳನ್ನು ದಾರಿತಪ್ಪಿಸಬಹುದು. ಕುದುರೆಗೆ ಚಾವಟಿ ಕೊಟ್ಟಂತೆ ಇದು ಕಿಣ್ವವನ್ನು ಚುರುಕುಗೊಳಿಸುತ್ತದೆಯೆಂದು ಭಾವಿಸಬಾರದು. ಕಿಣ್ವ ತನ್ನಷ್ಟಕ್ಕೆ ಚುರುಕಾಗಿಯೇ ಇದೆ. ಕೃತಕ ವಸ್ತುವಿನ ಪರೀಕ್ಷೆಯೇ ಅದಕ್ಕೆ ಸಾಕ್ಷಿ. ಈ ಪ್ರೋಟೀನು ಮಾಡುವ ಕೆಲಸ ಸರಕನ್ನು ಕಿಣ್ವದ ಕೈಗೆ ಮುಟ್ಟಿಸುವುದು.

ಎಣ್ಣೆ ನೀರು ಬೆರೆಯುವುದಿಲ್ಲವೆಂದು ಎಲ್ಲರೂ ಬಲ್ಲರು. ಏಕೆ ಬೆರೆಯುವುದಿಲ್ಲ? ನೀರಿನ ಅಣುಗಳು ಜಲಜನಕದ ಬಂಧಗಳ ಮೂಲಕ ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಕ್ಷಣಕ್ಷಣಕ್ಕೂ ಹಿಡಿತವನ್ನು ಬದಲಾಯಿಸುತ್ತಿರುತ್ತವೆ. ಎಣ್ಣೆಯ ಬಾಲವೊಂದು ನಡುವೆ ಬಂದರೆ ಅದನ್ನು ಹಿಡಿಯಲು ನೀರಿಗೆ ಆಸರೆ ಸಿಗದು. ಬಾಲದ ಸುತ್ತಣ ನೀರಿನ ಅಣುಗಳು ಬಿಗುವಾದ ಕಟ್ಟುಪಾಡಿನಲ್ಲಿ ನಿಲ್ಲಬೇಕಾಗುವುದು; ಅವುಗಳ ಸ್ವೇಚ್ಛೆ ಕುಗ್ಗುವುದು. ಬಾಲಗಳೆಲ್ಲ ಒಂದೆಡೆ ಸೇರಿದರೆ ನೀರಿನ ಮೇಲಣ ಈ ನಿರ್ಬಂಧ ಕಡಮೆಯಾಗುವುದು. ಎಣ್ಣೆಯ ಅಣುಗಳನ್ನು ಒಟ್ಟುಗೂಡಿಸುವುದು ಅವುಗಳ ನಡುವಣ ಪ್ರೀತಿಗಿಂತ ಹೆಚ್ಚಾಗಿ ನೀರಿನ ಈ ಒತ್ತಾಯವೇ. ಪೊರೆಯಿಂದ ಜಿಎಂ-೨ ಅಣುವೊಂದನ್ನು ಹೊರಕ್ಕೆ ಎಳೆಯಬೇಕಾದರೆ ಅದರ ಎರಡು ಉದ್ದನೆಯ ಬಾಲಗಳನ್ನು ನೀರಿಗೆ ಒಡ್ಡಬೇಕು. ಅದಕ್ಕೆ ತಗಲುವ ಶಕ್ತಿ ಬಹಳ. ತಾನಾಗಿ ಅದು ಹೊರಬರುವ ಸಂಭವ ಅತ್ಯಲ್ಪ.

ಎಳೆಯುವುದು ಬೇಡ, ಕಿಣ್ವವೇ ಪೊರೆಯ ಬಳಿಗೆ ಬಂದು ಕತ್ತರಿಸಬಾರದೆ? ಸಕ್ಕರೆಯ ಸರಪಣಿ ಉದ್ದವಾಗಿದ್ದರೆ ಹಾಗೆ ಆಗಬಹುದು. ಆದರೆ ಜಿಎಂ-೨ರ ಸರಪಣಿ ಗಿಡ್ಡ. ಪೊರೆಯ ಮೇಲ್ಮೈಗೆ ತೀರ ಹತ್ತಿರ. ಎ-ಕಿಣ್ವವು ಅದರ ಪಕ್ಕದಲ್ಲಿ ದೊಡ್ಡ ಗುಂಡು, ಕತ್ತರಿಸುವ ಬಾಯಿಯೂ ಒಳಗೆ ಕುಳಿಯಲ್ಲಿದೆ. ನೆಲಕ್ಕೆ ಅಂಟಿದ ಗರಿಕೆಯನ್ನು ಕೊಡಲಿಯಿಂದ ಕಡಿಯಹೋದಂತೆ ಆಗುವುದು.

ಬಾವಿಗೆ ಬಿದ್ದ ಕೊಡವನ್ನು ಎತ್ತಲು ನಮ್ಮ ಹಳೆಯ ಮನೆಗಳಲ್ಲಿ ಪಾತಾಳಗರಡಿಯನ್ನು ಇಟ್ಟಿರುತ್ತಿದ್ದರು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ಅದರ ಕೊಕ್ಕೆಗೆ ಕೊಡ ಸಿಕ್ಕಿ ಮೇಲೆ ಬರುತ್ತಿತ್ತು. ಜಿಎಂ-೨ ಉತ್ತೇಜಕ ಪ್ರೋಟೀನು ಲೈಸೊಸೋಮಿನ ಪಾತಾಳಗರಡಿ. ಆದರೆ ಕೊಕ್ಕೆಗೆ ಬದಲು ಇದಕ್ಕೆ ಬಟ್ಟಲಿದೆ. ೨೦೦೦ದಲ್ಲಿ ಎಕ್ಸ್-ಕಿರಣಗಳ ಮೂಲಕ ಇದರ ಹರಳಿನ ರಚನೆಯನ್ನು ಬಿಡಿಸಿದಾಗ, ಎಂಟು ಪಟ್ಟಿಗಳು ಬಾಗಿ ಸೇರಿ ಒಂದು ಬಟ್ಟಲಿನಂತೆ ನಿಂತಿರುವುದು ಕಂಡುಬಂದಿತು. ಬಟ್ಟಲಿನ ಒಳಮೈಗೆ ನೀರನ್ನು ದೂರ ಮಾಡುವ ಅಮೈನೊ ಆಮ್ಲಗಳ ಲೇಪ. ಒಳಗಿನ ಕುಳಿಯ ಅಳತೆ ಒಂದರಿಂದ ಎರಡು ನ್ಯಾನೊಮೀಟರ್; ಸೆರಮೈಡಿನ ಬಾಲಗಳು ಹಿಡಿಸುವಷ್ಟು. ಪ್ರೋಟೀನು ಪೊರೆಯ ಮೇಲೆ ಕುಳಿತು, ಜಿಎಂ-೨ರ ಎಣ್ಣೆಯ ಬಾಲಗಳನ್ನು ಬಟ್ಟಲಿನೊಳಕ್ಕೆ ತೆಗೆದುಕೊಂಡು, ಸಕ್ಕರೆಯ ಭಾಗವನ್ನು ಹೊರಗೆ ಬಿಟ್ಟು, ಮೇಲೇಳುವುದು. ಬಾಲಗಳು ಒಂದು ಎಣ್ಣೆಯ ಮನೆಯಿಂದ ಇನ್ನೊಂದಕ್ಕೆ ಹೋದುವೇ ಹೊರತು ನೀರಿಗೆ ಬೀಳಲಿಲ್ಲ; ಶಕ್ತಿಯ ಸಾಲ ಹೆಚ್ಚೇನೂ ಆಗಲಿಲ್ಲ. ಒಂದು ಪ್ರೋಟೀನು ಒಂದು ಜಿಎಂ-೨ನ್ನು ಹೊರುವುದು. ಅಷ್ಟೇ ಅಲ್ಲದೆ ಅದು ಎ-ಕಿಣ್ವದ ಮೈಗೆ ತಾನೇ ತಗಲಿಕೊಂಡು, ತುದಿಯ ಸಕ್ಕರೆ ಕಿಣ್ವದ ಕುಳಿಗೆ ಎದುರಾಗುವಂತೆ ಒಡ್ಡುವುದು. ಕಿಣ್ವ ಕತ್ತರಿಸಿದ ಮೇಲೆ ಉಳಿದುದನ್ನು ಪೊರೆಗೆ ಹಿಂದಿರುಗಿಸಿ ಮತ್ತೊಂದನ್ನು ಎತ್ತಲು ಹೋಗುವುದು. ತಾನು ಸವೆಯುವುದಿಲ್ಲ.

ಸಾಬೂನು ಪ್ರಯೋಗಾಲಯದಲ್ಲಿ ಈ ಕೆಲಸವನ್ನು ಒರಟಾಗಿ ಮಾಡುತ್ತಿತ್ತು. ಅದು ಪೊರೆಯನ್ನೇ ಒಡೆದು ಅಣುಗಳನ್ನು ಚೆಲ್ಲಾಡುವುದು. ಜೀವಕೋಶದೊಳಗೆ ಅಂಥ ಉಪಾಯಕ್ಕೆ ಎಡೆಯಿಲ್ಲ.

ಜೀನಿನಲ್ಲಿ ಒಂದಕ್ಷರ

ಈ ಪ್ರೋಟೀನನ್ನು ಕಟ್ಟುವ ಆದೇಶ ಬರೆದಿರುವುದು ಐದನೆಯ ವರ್ಣತಂತುವಿನ ಉದ್ದನೆಯ ತೋಳಿನಲ್ಲಿ. ಜೀನಿಗೆ ಜಿಎಂ೨ಎ ಎಂದು ಹೆಸರು. ಅದರಲ್ಲಿನ ಆದೇಶ ನಾಲ್ಕು ತುಂಡುಗಳಾಗಿ ಹರಡಿದೆ. ಮೂರನೆಯ ವರ್ಣತಂತುವಿನಲ್ಲಿ ಇದನ್ನೇ ಹೋಲುವ, ಆದರೆ ಕೆಲಸಕ್ಕೆ ಬಾರದ ಒಂದು ನಕಲು ಬಿದ್ದುಕೊಂಡಿದೆ. ಜೀನನ್ನು ಓದುವವರು ಆ ನಕಲನ್ನು ಅಸಲೆಂದು ಓದದಂತೆ ಎಚ್ಚರವಹಿಸಬೇಕಾಗುವುದು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಡಿಎನ್‌ಎಯ ಮೂರು ಮೂರು ಅಕ್ಷರಗಳು ಒಂದೊಂದು ಅಮೈನೊ ಆಮ್ಲವನ್ನು ಸೂಚಿಸುತ್ತವೆ. ಮೊದಲು ತಯಾರಾಗುವ ಪ್ರೋಟೀನಿನಲ್ಲಿ ೧೯೩ ಅಮೈನೊ ಆಮ್ಲಗಳು. ಎಂದರೆ ೫೭೯ ಅಕ್ಷರಗಳು, ಕೊನೆಯ ನಿಲ್ಲಿಸುವ ಸಂಕೇತದ ಮೂರು ಬೇರೆ. ಮುಂತುದಿಯ ೨೩ ಅಮೈನೊ ಆಮ್ಲಗಳು ವಿಳಾಸದ ಚೀಟಿಯಂತೆ. ಪ್ರೋಟೀನು ಸೇರಬೇಕಾದ ದಾರಿ ಹಿಡಿದೊಡನೆ ಅವನ್ನು ಕಿತ್ತುಹಾಕುವುದು. ಆಮೇಲೆ ಇನ್ನೂ ಎಂಟು ಹೋಗುವುವು. ಒಟ್ಟು ೩೧ ಕಳೆದು ಲೈಸೊಸೋಮಿನಲ್ಲಿ ಕೆಲಸಮಾಡುವ ಪ್ರೋಟೀನಿನಲ್ಲಿ ಉಳಿಯುವುದು ೧೬೨. ಎ-ಕಿಣ್ವದೊಡನೆ ಹೋಲಿಸಿದರೆ ಇದು ಪುಟ್ಟದು.

೧೯೯೧ರಲ್ಲಿ ಎಬಿ-ಪ್ರಭೇದದ ಒಬ್ಬ ರೋಗಿಯ ಜೀನಿನ ದೋಷವನ್ನು ಓದಲಾಯಿತು. ೪೧೨ನೆಯ ಅಕ್ಷರ ‘ಟಿ’ ಆಗಿರಬೇಕಾದಲ್ಲಿ ‘ಸಿ’ ಆಗಿತ್ತು. ೪೧೧ನ್ನು ಮೂರರಿಂದ ಭಾಗಿಸಿದರೆ ೧೩೭. ಆದುದರಿಂದ ೪೧೨ನೆಯದು ೧೩೮ನೆಯ ಅಮೈನೊ ಆಮ್ಲದ ಮೊದಲ ಅಕ್ಷರ. ಅಲ್ಲಿ ಸಿಸ್ಟೀನ್ ಇರಬೇಕಾಗಿತ್ತು, ಆರ್ಜಿನೀನ್ ಬಂದಿತು. ಹಳೆಯ ಪ್ರಬಂಧಗಳಲ್ಲಿ ಇದನ್ನು ೧೦೭ನೆಯ ಸ್ಥಾನವೆಂದೂ ಹೊಸವುಗಳಲ್ಲಿ ೧೩೮ನೆಯದೆಂದೂ ಬರೆದಿರುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಕಿತ್ತುಹೋಗುವ ೩೧ನ್ನು ಎಣಿಕೆಯಲ್ಲಿ ಬಿಟ್ಟರೆ ೧೦೭, ಸೇರಿಸಿದರೆ ೧೩೮.

ಒಂದು ಅಮೈನೊ ಆಮ್ಲ ಬದಲಾದುದರಿಂದ ಇಷ್ಟೊಂದು ಅನರ್ಥವೇಕೆ? ಸಿಸ್ಟೀನಿನಲ್ಲಿ ಗಂಧಕವಿದೆ. ಈ ಪ್ರೋಟೀನಿನ ಎಂಟು ಸಿಸ್ಟೀನುಗಳು ಎರಡೆರಡಾಗಿ ಕೈಹಿಡಿದು ನಾಲ್ಕು ಗಂಧಕದ ಬಂಧಗಳಾಗಿ ಬಟ್ಟಲನ್ನು ಬಿಗಿದು ನಿಲ್ಲಿಸಿವೆ. ಒಂದು ಹೋದರೆ ಅದರ ಜೊತೆಗಾರನೂ ಒಂಟಿಯಾಗುವುದು, ಮಡಿಕೆ ಕೆಡುವುದು. ಕೆಟ್ಟ ಮಡಿಕೆಯ ಪ್ರೋಟೀನನ್ನು ಜೀವಕೋಶ ಇಟ್ಟುಕೊಳ್ಳದು, ಬೇಗನೆ ಒಡೆದುಹಾಕುವುದು. ಬೇರೆ ರೋಗಿಗಳಲ್ಲಿ ಬೇರೆ ದೋಷಗಳು ದೊರೆತಿವೆ: ಒಬ್ಬರಲ್ಲಿ ಮೂರಕ್ಷರಗಳು ಬಿದ್ದುಹೋಗಿ ೮೮ನೆಯ ಲೈಸೀನ್ ಇಲ್ಲವಾಗಿತ್ತು, ಇನ್ನೊಬ್ಬರಲ್ಲಿ ೧೬೯ನೆಯ ಆರ್ಜಿನೀನ್ ಇರುವಲ್ಲಿ ಪ್ರೋಲೀನ್ ಬಂದಿತ್ತು. ಭಾರತದಿಂದಲೂ ೨೦೧೬ರಲ್ಲಿ ಒಂದು ಶಿಶುವಿನ ವರದಿ ಪ್ರಕಟವಾಯಿತು. ಅದರಲ್ಲಿ ೪೭೨ನೆಯ ‘ಜಿ’ ಬದಲು ‘ಟಿ’ ಇತ್ತು. ಮೇಲಿನ ಲೆಕ್ಕದಂತೆಯೇ ಇದು ೧೫೮ನೆಯ ಅಮೈನೊ ಆಮ್ಲದ ಮೊದಲ ಅಕ್ಷರ. ಅಲ್ಲಿರಬೇಕಾದ ಗ್ಲುಟಾಮಿಕ್ ಆಮ್ಲದ ಸಂಕೇತ ಈ ಒಂದಕ್ಷರದಿಂದ ನಿಲ್ಲಿಸುವ ಸಂಕೇತವಾಗಿ ಮಾರ್ಪಟ್ಟಿತ್ತು. ಪ್ರೋಟೀನಿನ ನೇಯ್ಗೆ ಅಲ್ಲಿಗೇ ನಿಂತುಬಿಡುವುದು.

ಎಬಿ-ಪ್ರಭೇದ ಬಹಳ ಅಪರೂಪ. ವೈದ್ಯಸಾಹಿತ್ಯದಲ್ಲಿ ಸೇರಿರುವ ರೋಗಿಗಳು ಕೆಲವೇ ಮಂದಿ. ಅಪರೂಪವೆಂದು ಕಾಣುವುದಕ್ಕೆ ಪರೀಕ್ಷೆಯ ರೀತಿಯೂ ಒಂದು ಪಾಲು ಕಾರಣವಾಗಿರಬಹುದೆಂದು ನನಗೆ ತೋರುತ್ತದೆ. ೧೯೭೧ರಲ್ಲಿ ಅಮೆರಿಕದ ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳಲ್ಲಿ ಮೈಕೇಲ್ ಕಬಾಕ್ ಅವರು, ಟೇ-ಸ್ಯಾಕ್ಸ್ ರೋಗ ಹೆಚ್ಚಾಗಿದ್ದ ಅಷ್ಕೆನಾಜಿ ಯಹೂದ್ಯರಲ್ಲಿ, ದೋಷವಿರುವ ಜೀನನ್ನು ಹೊತ್ತವರನ್ನು ಕಿಣ್ವದ ಅಳತೆಯಿಂದ ಗುರುತಿಸುವ ಕಾರ್ಯವನ್ನು ಪ್ರಾರಂಭಿಸಿದರು. ಅಂಥ ಪರೀಕ್ಷೆಗಳು ಹರಡಿದ ಮೇಲೆ ಅಮೆರಿಕ ಮತ್ತು ಕೆನಡಗಳ ಆ ಸಮುದಾಯದಲ್ಲಿ ರೋಗದ ಮಕ್ಕಳು ಹುಟ್ಟುವುದು ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚಾಗಿ ಇಳಿಯಿತು. ಇದೊಂದು ದೊಡ್ಡ ಸಾಧನೆ. ಆದರೆ ಜಿಎಂ೨ಎ ಜೀನಿನ ದೋಷವನ್ನು ಹೊತ್ತವರು ಇದೇ ಪರೀಕ್ಷೆಗೆ ಬಂದರೆ ಅವರಿಗೆ ದೋಷವಿಲ್ಲವೆಂಬ ಉತ್ತರ ಸಿಗುವುದು.

ಇದರಿಂದ ಒಂದು ಮನೆಯವರಿಗೆ ಆಗುವ ಪರಿಣಾಮವನ್ನು ಯೋಚಿಸಬೇಕು. ದೋಷ ಅಪ್ರಬಲವಾದುದು, ತಂದೆತಾಯಿ ಇಬ್ಬರೂ ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೂ ಅವರಿಗೆ ಕಾಯಿಲೆಯಿಲ್ಲ. ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವ ನಾಲ್ಕರಲ್ಲೊಂದು. ಮೊದಲ ಮಗು ತೀರಿಕೊಂಡಿದೆ. ಕಿಣ್ವ ಸರಿಯಾಗಿತ್ತೆಂದು ಕಾಗದ ಹೇಳುತ್ತಿದೆ. ಟೇ-ಸ್ಯಾಕ್ಸ್ ಅಲ್ಲವೆಂದು ನಂಬಿ ಅವರು ಎರಡನೆಯ ಮಗುವನ್ನು ಬಯಸಿದರೆ ನಾಲ್ಕರಲ್ಲೊಂದು ಎಂಬ ಸಂಖ್ಯೆ ಹಾಗೆಯೇ ಕಾದು ಕುಳಿತಿರುವುದು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ನಮ್ಮ ಕರ್ನಾಟಕದಲ್ಲಿ ಇನ್ನೂ ಅಳಿದಿಲ್ಲವಾದುದರಿಂದ ಇನ್ನೊಂದು ಲೆಕ್ಕವೂ ತಿಳಿದಿರಬೇಕು. ತನ್ನ ತಂದೆ ಅಥವಾ ತಾಯಿಯಿಂದ ಬಂದ ಒಂದು ಕೆಟ್ಟ ಪ್ರತಿಯನ್ನು ಮಾವನು ಹೊತ್ತಿದ್ದರೆ, ಅದೇ ಪ್ರತಿ ಅಕ್ಕನಲ್ಲಿರುವ ಸಂಭವ ಅರ್ಧ, ಅಕ್ಕನಿಂದ ಮಗಳಿಗೆ ಇಳಿಯುವ ಸಂಭವ ಮತ್ತೆ ಅರ್ಧ, ಒಟ್ಟು ನಾಲ್ಕರಲ್ಲೊಂದು. ಸಂಬಂಧವಿಲ್ಲದ ಹೆಣ್ಣಿನಲ್ಲಿ ಇಂಥ ಅಪರೂಪದ ದೋಷ ಇರುವ ಸಂಭವಕ್ಕೂ ಇದಕ್ಕೂ ಅಜಗಜಾಂತರ.

ಆದುದರಿಂದ ಲಕ್ಷಣಗಳೆಲ್ಲ ಟೇ-ಸ್ಯಾಕ್ಸ್ ರೋಗದವೇ ಆಗಿದ್ದು ಎ ಮತ್ತು ಬಿ ಕಿಣ್ವಗಳ ಅಳತೆ ಸರಿಯಾಗಿ ಬಂದರೆ, ಜಿಎಂ೨ಎ ಜೀನನ್ನು ಓದಿಸುವುದು ಮುಂದಿನ ಹೆಜ್ಜೆ. ಜೀನನ್ನು ಓದುವ ಕಾರ್ಯ ಸುಲಭವಾದುದರಿಂದ ಈಗ ಇದು ಸಾಧ್ಯವಾಗಿದೆ. ದೋಷ ಯಾವುದೆಂದು ಒಮ್ಮೆ ಗೊತ್ತಾದರೆ ಮುಂದಿನ ಬಸಿರಿನಲ್ಲಿ ಭ್ರೂಣವನ್ನು ಪರೀಕ್ಷಿಸಲು ಬರುತ್ತದೆ.

ಚಿಕಿತ್ಸೆಯ ವಿಷಯವಾಗಿ ಹೇಳುವುದಾದರೆ, ರೋಗವನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಆಸೆ ಹುಟ್ಟಿಸುವ ಸಂಗತಿಗಳು ಕೆಲವುಂಟು. ೧೯೯೩ರಲ್ಲಿ ಸ್ಯಾಂಡ್‌ಹೋಫ್ ಅವರ ಗುಂಪು ಬ್ಯಾಕ್ಟೀರಿಯಗಳ ಮೂಲಕ ಈ ಪ್ರೋಟೀನನ್ನು ತಯಾರಿಸಿ, ಎಬಿ-ಪ್ರಭೇದದ ರೋಗಿಯ ಚರ್ಮದಿಂದ ಬೆಳೆಸಿದ ಜೀವಕೋಶಗಳ ದ್ರವಕ್ಕೆ ಸೇರಿಸಿತು. ಕೋಶಗಳು ಅದನ್ನು ಒಳಕ್ಕೆ ತೆಗೆದುಕೊಂಡು ಜಿಎಂ-೨ನ್ನು ಕೆಡವತೊಡಗಿದುವು. ಇಲಿಗಳಲ್ಲಿ ಈ ಜೀನನ್ನು ಕೆಡಿಸಿ ನೋಡಿದಾಗ ರೋಗ ಕಾಣಿಸಿಕೊಂಡರೂ ಮನುಷ್ಯನಲ್ಲಿರುವಷ್ಟು ಉಗ್ರವಾಗಿರಲಿಲ್ಲ. ಇಲಿಗೆ ಜಿಎಂ-೨ನ್ನು ಕೆಡವುವ ಅಡ್ಡದಾರಿಯೊಂದಿದೆ. ಟೇ-ಸ್ಯಾಕ್ಸ್ ರೋಗದ ಇಬ್ಬರು ಮಕ್ಕಳಿಗೆ, ನಿರಪಾಯಕಾರಿಯಾದ ವೈರಸ್ಸಿನ ಮೂಲಕ ಕಿಣ್ವದ ಜೀನುಗಳನ್ನು ಕೊಟ್ಟು ನೋಡಿದ ವರದಿ ೨೦೨೨ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಉತ್ತೇಜಕ ಪ್ರೋಟೀನಿನ ಜೀನನ್ನು ಇದೇ ರೀತಿ ಕೊಡುವ ಪ್ರಯೋಗಗಳು ಇಲಿಗಳಲ್ಲಿ ನಡೆದಿವೆ. ಪ್ರೋಟೀನನ್ನು ನೇರವಾಗಿ ರಕ್ತಕ್ಕೆ ಚುಚ್ಚಿದರೆ ಸಾಲದು. ಮಿದುಳಿನ ರಕ್ತನಾಳಗಳ ಗೋಡೆ ಅದನ್ನು ಒಳಕ್ಕೆ ಬಿಡುವುದಿಲ್ಲ. ಚರ್ಮದ ಕೋಶ ಗಾಜಿನ ತಟ್ಟೆಯಲ್ಲಿ ಸುಲಭವಾಗಿ ಪಡೆದುಕೊಂಡ ಪ್ರೋಟೀನನ್ನು ಮಿದುಳಿನ ನರಕೋಶಕ್ಕೆ, ಅದೂ ಹುಟ್ಟಿದ ಕೆಲವೇ ತಿಂಗಳುಗಳೊಳಗೆ, ತಲುಪಿಸುವುದು ಹೇಗೆಂಬುದೇ ಈಗ ಸಂಶೋಧಕರ ಮುಂದಿರುವ ತೊಡಕು.